ಹಾಲಿನ ಲೆಕ್ಕದ ಕ್ಯಾಲೆಂಡರು

ಹಾಸನ,
ಭಾನುವಾರ ರಾತ್ರಿ

ಸಿಂಚನಾ,

ಮಧ್ಯಾಹ್ನ ತಾನೇ ವಿಡಿಯೋದಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೇವೆ, ಈ ಮುದುಕಿಗೆ ಮತ್ತೆ ಕಾಗದ ಬರೆಯುವ ಹುಚ್ಚು ಯಾಕೆ ಅಂದುಕೊಳ್ಳುತ್ತೀಯ. ಏನು ಮಾಡಲಿ ಮಗು, ಆ ಪರದೆಯಲ್ಲಿ ನಿನ್ನ ಮುಖ ಕಂಡರೆ ನನಗೆ ಬೇರೆ ಮಾತೇ ಹೊರಡುವುದಿಲ್ಲ. ಊಟ ಆಯಿತಾ, ಕೆನ್ನೆ ಯಾಕೆ ಒಳಗೆ ಹೋಗಿದೆ, ರೂಮಿನಲ್ಲಿ ಹೀಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ, ಇಷ್ಟರಲ್ಲೇ ಹೊತ್ತು ಹೋಗುತ್ತದೆ. ಫೋನ್ ಇಟ್ಟ ಮೇಲೆ ಹಿತ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ನೀನು ನಡುವೆ ಹಾರಿಸಿಬಿಟ್ಟ ಒಂದು ಮಾತು ಆಗ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು.

ನಿಮ್ಮ ವಾರ್ಡಿನ ಎಂಟನೇ ಬೆಡ್ಡಿನ ಮುದುಕನ ವಿಷಯ. ಬಿಪಿ ನೋಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡು "ನೀನು ಮುಟ್ಟಬೇಡ, ಸರಿಯಾದ ಇಂಗ್ಲಿಷ್ ನರ್ಸನ್ನು ಕಳಿಸು" ಎಂದನಂತೆ. ನಿಮ್ಮ ಇನ್‌ಚಾರ್ಜಮ್ಮ "ವಯಸ್ಸಾದವನು, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದು ನಿನ್ನನ್ನೇ ಆ ಕಡೆಯಿಂದ ತೆಗೆದು ಬೇರೆ ಬೆಡ್ಡುಗಳಿಗೆ ಹಾಕಿದಳಂತೆ. ಹಿಂದಿನ ವಾರ ಘಾನಾದ ಹುಡುಗಿಗೂ ಹೀಗೇ ಆಗಿತ್ತಂತೆ. ಇಷ್ಟು ಹೇಳಿ ನೀನು "ಬಿಡು ಚಿಕ್ಕಜ್ಜಿ, ಇಲ್ಲಿ ಇದೆಲ್ಲ ಮಾಮೂಲಿ" ಎಂದು ನಕ್ಕೆ. ಆ ನಗುವಿನ ಗುರುತು ನನಗಿದೆ ಕಣೆ. ನಾನೂ ಅದನ್ನು ಬಹಳ ವರ್ಷ ನಕ್ಕಿದ್ದೇನೆ.

ನಾನು 1969ರಲ್ಲಿ ಇಂಗ್ಲೆಂಡಿಗೆ ಹೊರಟಾಗ ನನಗೆ ಇಪ್ಪತ್ತು. ಮಿಷನ್ ಆಸ್ಪತ್ರೆಯ ಇಂಗ್ಲಿಷ್ ಸಿಸ್ಟರಮ್ಮ ಒಂದು ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ನಿನ್ನ ಅಜ್ಜಿ, ಅಂದರೆ ನಮ್ಮಕ್ಕ, ತನ್ನ ಮದುವೆಯ ಶಾಲು ಕೊಟ್ಟಿದ್ದಳು. ಅಲ್ಲಿನ ಚಳಿಗೆ ಆ ಶಾಲು ಎಷ್ಟರದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಸೇರಿದ್ದು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಆಸ್ಪತ್ರೆ, ಹೆಸರು ಬೇಡ. ಆಗ ನರ್ಸಿಂಗಿನಲ್ಲಿ ಎರಡು ದಾರಿ. ಮೂರು ವರ್ಷ ಕಲಿತರೆ ಸ್ಟೇಟ್ ರಿಜಿಸ್ಟರ್ಡ್ ನರ್ಸ್, ಎರಡು ವರ್ಷ ಕಲಿತರೆ ಸ್ಟೇಟ್ ಎನ್‌ರೋಲ್ಡ್ ನರ್ಸ್. ಮೊದಲನೆಯವಳು ಮುಂದೆ ವಾರ್ಡ್ ಸಿಸ್ಟರ್ ಆಗುತ್ತಾಳೆ; ಎರಡನೆಯವಳು ಬೆಡ್‌ಪ್ಯಾನ್ ಹಿಡಿದುಕೊಂಡೇ ರಿಟೈರ್ ಆಗುತ್ತಾಳೆ. ಜಮೈಕಾ, ಬಾರ್ಬಡೋಸ್, ಮಲೇಷಿಯಾ, ಇಂಡಿಯಾ ಹೀಗೆ ಹೊರಗಿನಿಂದ ಬಂದ ಹುಡುಗಿಯರಲ್ಲಿ ಎಷ್ಟೋ ಜನರನ್ನು ಈ ಎರಡನೇ ದಾರಿಗೇ ಹತ್ತಿಸಿಬಿಡುತ್ತಿದ್ದರು. ವ್ಯತ್ಯಾಸ ಏನೆಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. "ಎರಡೇ ವರ್ಷ, ಬೇಗ ಸಂಬಳ" ಎಂದು ನಾನೂ ಖುಷಿಯಾಗಿ ಸಹಿ ಹಾಕಿದೆ. ನನ್ನ ದಡ್ಡತನಗಳ ಪಟ್ಟಿಯಲ್ಲಿ ಅದು ಮೊದಲನೆಯದು.

ಮರುವರ್ಷ ನರ್ಸಸ್ ಹೋಮ್ ಬಿಟ್ಟು ಬಾಡಿಗೆಗೆ ರೂಮು ಹುಡುಕಿದೆ. ಜೊತೆಗಿದ್ದವಳು ಜಮೈಕಾದ ಹುಡುಗಿ, ನನಗಿಂತ ಎರಡು ವರ್ಷ ದೊಡ್ಡವಳು, ದೊಡ್ಡ ಗಂಟಲಿನವಳು. 'ಕರಿಯರಿಗಿಲ್ಲ' ಎಂದು ಕಿಟಕಿಯಲ್ಲಿ ಕಾರ್ಡು ತಗುಲಿಹಾಕುವ ಕಾಲ ಆಗತಾನೇ ಮುಗಿದಿತ್ತು. 1968ರ ರೇಸ್ ರಿಲೇಷನ್ಸ್ ಕಾಯ್ದೆ ಬಂದ ಮೇಲೆ ಹಾಗೆ ಬರೆಯುವುದು ಕಾನೂನಿಗೆ ವಿರುದ್ಧವಾಗಿತ್ತು. ಈಗ ಬರೀ 'ರೂಮು ಖಾಲಿ ಇದೆ' ಅಂತ ಕಾರ್ಡು. ನಾವು ಗಂಟೆ ಒತ್ತುತ್ತಿದ್ದೆವು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯುತ್ತಿತ್ತು. "ಅಯ್ಯೋ, ಈಗ ತಾನೇ ಹೋಯಿತಲ್ಲ." ಒಂದೇ ಸಂಜೆ ಐದು ಮನೆಯಲ್ಲಿ ಈಗ ತಾನೇ ಹೋಗಿತ್ತು. ಕಾನೂನು ಬೋರ್ಡು ತೆಗೆಸಿತ್ತು, ಬಾಗಿಲು ತೆಗೆಸಿರಲಿಲ್ಲ.

ಐದನೇ ಮನೆಯ ಮೆಟ್ಟಿಲಿಳಿಯುವಾಗ ನನಗೆ ಅಳು ಬರಲಿಲ್ಲ. ಬದಲಿಗೆ ನಮ್ಮ ಹಳ್ಳಿ ಮನೆಯ ಕೊಟ್ಟಿಗೆ ಗೋಡೆಯ ಗೂಡು ಕಣ್ಣಮುಂದೆ ಬಂತು. ನೀನು ಅದನ್ನು ನೋಡಿಲ್ಲ, ಮನೆ ರಿಪೇರಿ ಮಾಡಿಸುವಾಗ ನಿನ್ನ ತಾತ ಮುಚ್ಚಿಸಿದರು. ಅದರಲ್ಲಿ ಒಂದು ಸೊಟ್ಟಗಾದ ಅಲ್ಯೂಮಿನಿಯಂ ಲೋಟ, ಒಂದು ತಟ್ಟೆ ಇರುತ್ತಿದ್ದವು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಅಜ್ಜ ಅದನ್ನು ತಾನೇ ತೆಗೆದುಕೊಂಡು, ತೊಳೆದು, ಅಂಗಳದಲ್ಲಿ ಇಟ್ಟು ದೂರ ನಿಲ್ಲುತ್ತಿದ್ದ. ನಮ್ಮಕ್ಕ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ನಾನು ಎಷ್ಟು ಸಲ ಹೊಯ್ದಿದ್ದೇನೋ ಲೆಕ್ಕವಿಲ್ಲ. ಅಸ್ಪೃಶ್ಯತೆ ಅಪರಾಧ ಎಂದು ನಮ್ಮಲ್ಲಿ 1955ರಲ್ಲೇ ಕಾಯ್ದೆ ಬಂದಿತ್ತು, ಸಂವಿಧಾನ ಅದಕ್ಕೂ ಐದು ವರ್ಷ ಮೊದಲೇ ಹೇಳಿಯಾಗಿತ್ತು. ಬ್ರಿಟನ್ನಿನವರು ಬಣ್ಣದ ಭೇದದ ಮೇಲೆ ಮೊದಲ ಕಾಯ್ದೆ ಬರೆದದ್ದು 1965ರಲ್ಲಿ. ಬರೆಯುವುದರಲ್ಲಿ ನಾವೇ ಹತ್ತು ವರ್ಷ ಮುಂದೆ. ನಮ್ಮ ಕೊಟ್ಟಿಗೆಗೆ ಆ ಸುದ್ದಿ ತಲುಪಿರಲಿಲ್ಲ, ಅಷ್ಟೆ.

ಇರಲಿ. ನೀನಿರುವ ಊರಿಗೆ ಬರೋಣ. ಬ್ರಿಸ್ಟಲ್‌ನಲ್ಲಿ ಡ್ಯೂಟಿಗೆ ಹೋಗಲು ಬಸ್ ಸ್ಟೇಷನ್ನಿನಲ್ಲಿ ಬಸ್ಸು ಬದಲಿಸುತ್ತೇನೆ ಅಂದೆಯಲ್ಲ, ಅಲ್ಲಿ ಒಂದು ಫಲಕ ಇದೆ. ಇನ್ನೊಮ್ಮೆ ಹೋದಾಗ ಒಂದು ನಿಮಿಷ ನಿಂತು ಓದು. ಅದರ ಕಥೆ ನಾನು ಹೋಗುವುದಕ್ಕೂ ಮೊದಲಿನದು. ಆ ಊರಿನ ಬಸ್ ಕಂಪನಿಗೆ ಆಗ ಕೆಲಸಗಾರರೇ ಸಿಗುತ್ತಿರಲಿಲ್ಲ. ಆದರೂ ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ಬಿಳಿಯರಲ್ಲದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಡಿಪೋದಲ್ಲಿ ಬಸ್ಸು ತೊಳೆಯಲು ಅಡ್ಡಿಯಿಲ್ಲ. ಹೀಗೆ ತಡೆದವರಲ್ಲಿ ಕಂಪನಿ ಒಂದೇ ಇರಲಿಲ್ಲ, ಕೆಲಸಗಾರರ ಯೂನಿಯನ್ನಿನ ಸ್ಥಳೀಯ ಶಾಖೆಯೇ 1955ರಲ್ಲಿ ಹಾಗೆ ನಿರ್ಣಯ ಮಾಡಿತ್ತು. (ಯೂನಿಯನ್ ಅಂದಾಕ್ಷಣ ಬಡವರ ಪರ ಅಂದುಕೊಂಡಿದ್ದ ನನಗೆ ಇದು ತಿಳಿದಾಗ ಎರಡು ದಿನ ಬೇಸರವಾಗಿತ್ತು.) 1963ರಲ್ಲಿ ಪಾಲ್ ಸ್ಟೀಫನ್‌ಸನ್ ಎನ್ನುವ ತರುಣ ಉಪಾಯ ಮಾಡಿದ. ಗೈ ಬೈಲಿ ಎಂಬ ಹುಡುಗನಿಗೆ ಫೋನಿನಲ್ಲೇ ಇಂಟರ್‌ವ್ಯೂ ಗೊತ್ತುಮಾಡಿದ. ಹುಡುಗ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದ. ಮುಖ ನೋಡಿದ್ದೇ ತಡ, ಇಂಟರ್‌ವ್ಯೂ ರದ್ದು. ಏಪ್ರಿಲ್ 30ರಿಂದ ಊರಿನ ವೆಸ್ಟ್ ಇಂಡಿಯನ್ನರು ಬಸ್ಸು ಹತ್ತುವುದನ್ನೇ ಬಿಟ್ಟರು. ನಡೆದರು, ಸೈಕಲ್ ತುಳಿದರು. ವಿದ್ಯಾರ್ಥಿಗಳು ಮೆರವಣಿಗೆ ತೆಗೆದರು. ನಾಲ್ಕು ತಿಂಗಳ ಮೇಲೆ, ಆಗಸ್ಟ್ 28ಕ್ಕೆ, ಕಂಪನಿ ಸೋತಿತು. ಅದೇ ದಿನ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತನ್ನ ಕನಸಿನ ಭಾಷಣ ಮಾಡುತ್ತಿದ್ದ. ಸೆಪ್ಟೆಂಬರಿನಲ್ಲಿ ಆ ಬಸ್ಸುಗಳಲ್ಲಿ ಮೊದಲು ಟಿಕೆಟ್ ಹರಿದ ಬಿಳಿಯನಲ್ಲದ ಕಂಡಕ್ಟರ್ ಯಾರು ಗೊತ್ತೇನು? ರಘಬೀರ್ ಸಿಂಗ್, ಪೇಟ ಸುತ್ತಿದ ಸರ್ದಾರ್ಜಿ. ಜಮೈಕಾದವರು ನಾಲ್ಕು ತಿಂಗಳು ನಡೆದದ್ದಕ್ಕೆ ನಮ್ಮ ಕಡೆಯವನಿಗೆ ಮೊದಲ ಕೆಲಸ ಸಿಕ್ಕಿತು. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎನ್ನುವುದು ಮುಂದೆ ತಿಳಿಯುತ್ತದೆ.

ಆ ಗಲಾಟೆಯಲ್ಲಿ ಹುಡುಗರ ಬೆನ್ನಿಗೆ ನಿಂತವರಲ್ಲಿ ಲಿಯರಿ ಕಾನ್‌ಸ್ಟಂಟೈನ್ ಒಬ್ಬ. ನಿನ್ನ ತಾತನನ್ನು ಕೇಳಿದ್ದರೆ ಅವನ ಫೀಲ್ಡಿಂಗ್ ಬಗ್ಗೆ ಒಂದು ಗಂಟೆ ಕೊರೆಯುತ್ತಿದ್ದರು. ವೆಸ್ಟ್ ಇಂಡೀಸಿನ ದೊಡ್ಡ ಆಟಗಾರ. 1943ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಲು ಹೆಂಡತಿ ಮಗಳನ್ನು ಕರೆದುಕೊಂಡು ಲಂಡನ್ನಿನ ಇಂಪೀರಿಯಲ್ ಹೋಟೆಲಿಗೆ ಹೋದ. ನಾಲ್ಕು ರಾತ್ರಿಗೆ ರೂಮು ಮೊದಲೇ ಗೊತ್ತಾಗಿತ್ತು. ಒಂದೇ ರಾತ್ರಿ ಇರಬಹುದು ಎಂದರು. ಅಲ್ಲಿ ಇಳಿದುಕೊಂಡಿದ್ದ ಅಮೆರಿಕದ ಸೈನಿಕರಿಗೆ ಇವನ ಬಣ್ಣ ಆಗುವುದಿಲ್ಲವಂತೆ. ಅವನು ಕೋರ್ಟಿಗೆ ಹೋದ. ಬಣ್ಣದ ಭೇದ ಮಾಡಬಾರದು ಎನ್ನುವ ಕಾನೂನೇ ಆಗ ಇರಲಿಲ್ಲ. ಛತ್ರದವನು ಕಾರಣವಿಲ್ಲದೆ ಪ್ರಯಾಣಿಕನನ್ನು ಹಿಂದಕ್ಕೆ ಕಳಿಸಬಾರದು ಎನ್ನುವ ಯಾವ ಕಾಲದ್ದೋ ಹಳೇ ನಿಯಮ ಹಿಡಿದು ವಾದಿಸಿ, 1944ರಲ್ಲಿ ಗೆದ್ದ. ಪರಿಹಾರ ಐದು ಗಿನಿ. ಮುಂದೆ 1966ರಲ್ಲಿ ರೇಸ್ ರಿಲೇಷನ್ಸ್ ಬೋರ್ಡ್ ಅಂತ ಮಾಡಿದಾಗ ಅದರ ಮೂವರು ಸದಸ್ಯರಲ್ಲಿ ಅವನೂ ಒಬ್ಬನಾದ.

ಆದರೆ ಆ 1965ರ ಕಾಯ್ದೆ ಎಷ್ಟು ತೆಳ್ಳಗಿತ್ತು ನೋಡು. ಹೋಟೆಲು, ಸಿನಿಮಾ, ಬಸ್ಸು ಇಂಥ ಸಾರ್ವಜನಿಕ ಜಾಗಗಳಿಗೆ ಮಾತ್ರ. ಅಂದರೆ ಬ್ರಿಸ್ಟಲ್ ಬಸ್ಸಿನಲ್ಲಿ ಕೂರುವುದನ್ನು ಯಾರೂ ತಡೆಯುವಂತಿಲ್ಲ, ಅದೇ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೆಲಸ ಕೊಡದಿದ್ದರೆ ಕಾನೂನು ಕೇಳುವುದಿಲ್ಲ! ಕೆಲಸಕ್ಕೆ, ಮನೆಗೆ ಅದನ್ನು ಹಿಗ್ಗಿಸಿದ್ದು 1968ರಲ್ಲಿ. ಆಗಲೂ ದೂರು ಬೋರ್ಡಿಗೆ ಹೋಗಬೇಕು, ಅವರು ರಾಜಿ ಮಾಡಿಸಬೇಕು. ಕೆಲಸದ ವ್ಯಾಜ್ಯ ಕೇಳುವ ಟ್ರಿಬ್ಯೂನಲ್ಲಿನ ಕಟ್ಟೆಯನ್ನು ನಾವೇ ನೇರ ಹತ್ತಬಹುದು ಎಂದಾದದ್ದು 1976ರ ಕಾಯ್ದೆಯಿಂದ. ಆ ಕಾಯ್ದೆ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಎಲ್ಲರಿಗೂ ಒಂದೇ ನಿಯಮ ಎಂದು ಹೇಳಿಕೊಂಡು ಒಂದು ಜನದ ಕೊರಳಿಗೆ ಮಾತ್ರ ಸುತ್ತಿಕೊಳ್ಳುವ ನಿಯಮ ಮಾಡಿದರೆ ಅದೂ ಭೇದವೇ ಎಂದಿತು.

ಇದರ ಮೇಲೆ ನಡೆದದ್ದು ಮಂಡ್ಲಾ ಕೇಸು. ಮೊದಲ ಸಲ ರೇಡಿಯೋದಲ್ಲಿ ಕೇಳಿದಾಗ ನನಗೆ ಮಂಡ್ಯ ಎಂದೇ ಕೇಳಿಸಿ ಎದ್ದು ಕೂತಿದ್ದೆ. ಬರ್ಮಿಂಗ್‌ಹ್ಯಾಮ್‌ನ ಒಂದು ಖಾಸಗಿ ಶಾಲೆ ಸಿಖ್ ಹುಡುಗನಿಗೆ ಪೇಟ ತೆಗೆದು, ಕೂದಲು ಕತ್ತರಿಸಿ ಬಂದರೆ ಸೀಟು ಎಂದಿತು. ಸಿಖ್ಖರು ಒಂದು ಧರ್ಮ ತಾನೇ, ಜನಾಂಗ ಹೇಗಾದೀತು, ಈ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಎಂದು ಲಾರ್ಡ್ ಡೆನ್ನಿಂಗ್ ಅಂಥ ದೊಡ್ಡ ಜಡ್ಜರೇ ತಳ್ಳಿಹಾಕಿದರು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು. ತಮ್ಮದೇ ಎಂದು ನೆನಪಿಟ್ಟುಕೊಂಡ ಉದ್ದದ ಇತಿಹಾಸ, ತಮ್ಮದೇ ನಡೆನುಡಿ ಇರುವ ಸಮುದಾಯವಾದರೆ ಅದಕ್ಕೂ ಕಾಯ್ದೆಯ ನೆರಳಿದೆ ಎಂದಿತು. ಈಗ ನಿಮಗಿರುವ 2010ರ ಈಕ್ವಾಲಿಟಿ ಕಾಯ್ದೆಯಲ್ಲೂ ಜನಾಂಗ ಅಂದರೆ ಬರೀ ಚರ್ಮದ ಬಣ್ಣವಲ್ಲ, ಪೌರತ್ವ, ಮೂಲ ಎಲ್ಲ ಸೇರಿದೆ.

ಜಾತಿ ಸೇರಿದೆಯೇ ಅಂತ ನೀನು ಕೇಳಬೇಕು, ಕೇಳುವ ಹುಡುಗಿಯೇ ನೀನು. ಸೇರಿಸಬೇಕೆಂದು 2013ರಲ್ಲಿ ಪಾರ್ಲಿಮೆಂಟೇ ಸರ್ಕಾರಕ್ಕೆ ಹೇಳಿತು. ನಮ್ಮ ಸಂಘಗಳವರೇ ಬೇಡವೆಂದು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. 2018ರಲ್ಲಿ ಸರ್ಕಾರ ಕೈಬಿಟ್ಟಿತು. ಅಷ್ಟರಲ್ಲಿ ಒಂದು ಕೇಸಾಗಿತ್ತು. ಬಿಹಾರದಿಂದ ಮನೆಗೆಲಸಕ್ಕೆಂದು ಕರೆತಂದ ಆದಿವಾಸಿ ಹೆಣ್ಣುಮಗಳು, ದಿನಕ್ಕೆ ಹದಿನೆಂಟು ಗಂಟೆ ಕೆಲಸ, ಗಂಟೆಗೆ 11 ಪೆನ್ಸ್ ಕೂಲಿ, ನೆಲದ ಮೇಲೆ ಹಾಸಿಗೆ. ಇಟ್ಟುಕೊಂಡವರು ನಮ್ಮವರೇ, ಭಾರತೀಯರು. ಹುಟ್ಟಿನ ಮೂಲ ಎನ್ನುವುದರೊಳಗೆ ಜಾತಿಯೂ ಬರಬಹುದು ಎಂದು 2014ರಲ್ಲಿ ಮೇಲಿನ ಟ್ರಿಬ್ಯೂನಲ್ ಹೇಳಿತು. ಮುಂದಿನ ವರ್ಷ ಅವಳಿಗೆ ಬಾಕಿ ಕೂಲಿಯೇ 1,83,773 ಪೌಂಡ್ ಕೊಡಿಸಿದರು. ಆದ್ದರಿಂದ ಅಲ್ಲಿ ಯುಗಾದಿ ಊಟಕ್ಕೆ ಕೂತಾಗ ಯಾರಾದರೂ ನಗುನಗುತ್ತಾ "ನಿಮ್ಮ ಮನೆದೇವರು ಯಾವುದು" ಎಂದು ಶುರುಮಾಡಿದರೆ, ಎಲ್ಲಿಗೆ ಬರುತ್ತಿದ್ದಾರೆ ಎಂದು ನಿನಗೆ ಗೊತ್ತಿರಲಿ. ಪಲ್ಯ ಬಡಿಸಿ ಎಂದು ಮಾತು ಮರೆಸು.

ಈಗ ಇಷ್ಟು ಹೊತ್ತು ಸುತ್ತಿಬಳಸಿ ತಪ್ಪಿಸಿಕೊಂಡು ಬಂದ ಜಾಗಕ್ಕೆ ಬಂದೆ.

ಆ ಜಮೈಕಾದ ಗೆಳತಿಯ ಹೆಸರು ಬರೆಯುವುದಿಲ್ಲ. ಹತ್ತು ವರ್ಷ ಒಂದೇ ಆಸ್ಪತ್ರೆಯಲ್ಲಿದ್ದೆವು. ಅವಳು ರಾತ್ರಿ ಓದಿ ರಿಜಿಸ್ಟರ್ಡ್ ನರ್ಸ್ ಆಗಿದ್ದಳು. ವಾರ್ಡ್ ಸಿಸ್ಟರ್ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಅವಳ ಕೈಕೆಳಗೆ ಪಳಗಿದ ಹುಡುಗಿಯರಿಗೇ ಸಿಕ್ಕಿತು. ಮೂರನೇ ಸಲ, 1981ರ ಚಳಿಗಾಲ, ಮೇಲಿನವರೊಬ್ಬರು ಆಫೀಸಿನ ಬಾಗಿಲಲ್ಲಿ ನಿಂತು "ಅವಳ ಕೈಕೆಳಗೆ ನಮ್ಮ ಹುಡುಗಿಯರು ಕೆಲಸ ಮಾಡಿಯಾರೇ?" ಎಂದು ಇನ್ನೊಬ್ಬರಿಗೆ ಹೇಳಿದ್ದನ್ನು ನಾವಿಬ್ಬರೂ ಕೇಳಿದೆವು. ನಾನು ಟ್ರಾಲಿ ಹಿಡಿದಿದ್ದೆ, ಅವಳು ನನ್ನ ಹಿಂದೆ.

ಎರಡು ವಾರದ ಮೇಲೆ ಲಿನನ್ ರೂಮಿನಲ್ಲಿ ಒಂದು ದೊಡ್ಡ ಬೆಡ್‌ಶೀಟು ಮಡಿಸುತ್ತಿದ್ದೆವು. ಗೊತ್ತಲ್ಲ, ಅದಕ್ಕೆ ಇಬ್ಬರು ಬೇಕು. ಅವಳು ಎರಡು ತುದಿ ಹಿಡಿದು ನನ್ನ ಕಡೆ ನಡೆದುಬಂದು, ನನ್ನ ಕೈಗೆ ಕೊಡುವ ಮೊದಲು ಕೇಳಿದಳು, "ಟ್ರಿಬ್ಯೂನಲ್‌ಗೆ ಹೋಗುತ್ತಿದ್ದೇನೆ. ಆ ಮಾತು ನೀನೂ ಕೇಳಿದೆ. ಬಂದು ಹೇಳುತ್ತೀಯಾ?"

ನಾನು ಶೀಟಿನ ಅಂಚು ನೋಡುತ್ತಾ "ನನಗೆ ಸರಿಯಾಗಿ ಕೇಳಿಸಲಿಲ್ಲ" ಎಂದೆ.

ಅವಳು ಏನೂ ಅನ್ನಲಿಲ್ಲ. ಶೀಟು ಪೂರ್ತಿ ಮಡಿಸಿ, ಸುಕ್ಕು ಒರೆಸಿ, ರಾಶಿಯ ಮೇಲಿಟ್ಟು ಹೋದಳು. ಮಾರನೇ ದಿನದಿಂದ ನಾನು ಶೀಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಬ್ಬಳೇ ಮಡಿಸಿದೆ.

ನನ್ನ ಭಯ ಏನೆಂದರೆ, ನಮ್ಮ ಯಜಮಾನರ ಕೆಲಸ ಹೋಗಿತ್ತು, ಮನೆಯ ಸಾಲ ಇತ್ತು, ಸಾಕ್ಷಿ ಹೇಳಿದರೆ ನನ್ನನ್ನೂ ತೆಗೆಯುತ್ತಾರೆ ಎಂದುಕೊಂಡೆ. ಸಾಕ್ಷಿ ಹೇಳಿದವರ ಮೇಲೆ ಹಗೆ ಸಾಧಿಸುವುದೂ ಕಾನೂನಿಗೆ ವಿರುದ್ಧ ಎಂದು 1976ರ ಕಾಯ್ದೆಯಲ್ಲೇ ಬರೆದಿತ್ತು. ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? ನಲವತ್ತು ವರ್ಷದಿಂದ ಕೇಳಿಕೊಂಡಿದ್ದೇನೆ, ಹೇಳುತ್ತಿದ್ದೆ ಅಂತ ಧೈರ್ಯವಾಗಿ ಬರೆಯಲು ಈಗಲೂ ಪೆನ್ನು ಏಳುವುದಿಲ್ಲ. ಅವಳು ಕೇಸು ಹಿಂದಕ್ಕೆ ತೆಗೆದುಕೊಂಡು ಬೇರೆ ಊರಿಗೆ ಹೋದಳು. ಎರಡು ಕ್ರಿಸ್‌ಮಸ್‌ಗೆ ಕಾರ್ಡು ಕಳಿಸಿದೆ. ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಆಮೇಲೆ ನಾನು ಯೂನಿಯನ್ನಿಗೆ ಸೇರಿ ಕೆಲಸಗಾರರ ಸಣ್ಣ ಪ್ರತಿನಿಧಿ ಆದದ್ದು ಈ ನಾಚಿಕೆಗೇ ಹೊರತು ಧೈರ್ಯಕ್ಕಲ್ಲ. ನಮ್ಮ ಅಡುಗೆಮನೆ ಮೇಜಿನ ಮೇಲೆ ಎಷ್ಟೋ ಹುಡುಗಿಯರು ಬಂದು ಅತ್ತಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಆದದ್ದು ನಿಜವೇ ಆಗಿತ್ತು. ಆದರೆ ಯಾವತ್ತು, ಯಾರ ಎದುರಿಗೆ, ಸರಿಯಾಗಿ ಯಾವ ಮಾತು ಎಂದು ಕೇಳಿದರೆ "ಯಾವಾಗಲೂ ಹಾಗೇ ಆಂಟಿ" ಎನ್ನುತ್ತಿದ್ದರು. ಯಾವಾಗಲೂ ಎನ್ನುವ ತಾರೀಕು ಟ್ರಿಬ್ಯೂನಲ್ಲಿನ ಪಂಚಾಂಗದಲ್ಲಿಲ್ಲ.

ಒಬ್ಬಳು ಕೇರಳದವಳು ಬಂದಳು, ಬಹಳ ಮೆತ್ತಗಿನ ಹುಡುಗಿ. ತನಗೂ ಇನ್ನೂ ಇಬ್ಬರು ಹೊರಗಿನವರಿಗೂ ಶನಿವಾರ ಭಾನುವಾರದ ನೈಟ್ ಡ್ಯೂಟಿಯೆಲ್ಲ ಬೀಳುತ್ತದೆ ಎಂದಳು. ನಾನು ಅಭ್ಯಾಸಬಲದಿಂದ ನಿಟ್ಟುಸಿರಿಟ್ಟು "ಲೆಕ್ಕ ಇದೆಯಾ ಮಗಳೇ" ಎಂದೆ. ಅವಳು ಬ್ಯಾಗಿನಿಂದ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ತೆಗೆದಳು. ಅವಳಮ್ಮ ಊರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ ಇವಳೂ ಇಲ್ಲಿ ಹಾಲು, ಬ್ರೆಡ್ಡು ಬರೆಯುತ್ತಿದ್ದಳು. ಅದರ ಮಗ್ಗುಲಲ್ಲೇ ಕೆಂಪು ಪೆನ್ನಿನಲ್ಲಿ ಪ್ರತಿ ರಾತ್ರಿ ಯಾರ ಡ್ಯೂಟಿ, ಯಾರು ಕೇಳಿ ರಜೆ ಪಡೆದರು, ತಾನು ಕೇಳಿದಾಗ ಯಾರು ಏನೆಂದರು. ಹನ್ನೊಂದು ತಿಂಗಳು. ಮೀಟಿಂಗಿನಲ್ಲಿ ಮ್ಯಾನೇಜರ್ "ಎಲ್ಲರಿಗೂ ಸಮನಾಗಿ ಹಂಚುತ್ತೇವೆ" ಎಂದು ಆರಾಮಾಗಿ ಒರಗಿಕೊಂಡ. ನಾವು ಆ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿ, ಸುರುಳಿ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಟೀ ಕಪ್ಪು ಇಟ್ಟೆವು. ಆತ ಮಾರ್ಚ್ ತಿಂಗಳು ನೋಡಿದ, ಏಪ್ರಿಲ್ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡ. ಟ್ರಿಬ್ಯೂನಲ್ ತನಕ ಹೋಗಲೇ ಇಲ್ಲ, ಮುಂದಿನ ತಿಂಗಳ ಪಟ್ಟಿಯೇ ಬದಲಾಯಿತು.

ಅದಕ್ಕೇ ಈ ಕಾಗದ ಕಣೆ. ನೀನು ಜಗಳವಾಡು ಎಂದು ನಾನು ಹೇಳುತ್ತಿಲ್ಲ. ಆ ಮುದುಕನ ಮೇಲೆ ಕೇಸು ಹಾಕು ಎಂದೂ ಅಲ್ಲ. ಅವನ ಕಾಯಿಲೆ ಅವನಿಗೆ. ಬರೆದಿಡು. ಅವತ್ತಿನದು ಅವತ್ತೇ, ಬಸ್ಸಿನಲ್ಲಿ ಕೂತಾಗಲೇ. ತಾರೀಕು, ಗಂಟೆ, ಯಾರಿದ್ದರು, ಆಡಿದ ಮಾತು ಅವರ ಬಾಯಿಯಲ್ಲಿ ಬಂದಂತೆಯೇ ಇಂಗ್ಲಿಷಿನಲ್ಲೇ. ನಿನಗೆ ಎಷ್ಟು ನೋವಾಯಿತು ಎಂದು ಬೇಕಾದರೆ ಕನ್ನಡದಲ್ಲಿ ಕೆಳಗೆ ಬರೆದುಕೋ. ರೋಗಿಯ ಹೆಸರು ಮಾತ್ರ ಖಂಡಿತ ಬೇಡ, ಬೆಡ್ ನಂಬರ್ ಸಾಕು, ಇಲ್ಲವಾದರೆ ಅದೇ ನಿನ್ನ ಮೇಲೆ ತಿರುಗಿ ಬಿದ್ದೀತು. ಇಂಥ ಘಟನೆಗಳನ್ನು ವರದಿ ಮಾಡಲು ಆಸ್ಪತ್ರೆಯ ಡೇಟಿಕ್ಸ್ ಫಾರಂ ಅನ್ನುತ್ತೀರಲ್ಲ, ಅದನ್ನೂ ತುಂಬು. ಅಂಥ ರೋಗಿಗೆ ತುರ್ತಲ್ಲದ ಚಿಕಿತ್ಸೆಯನ್ನು ನಿರಾಕರಿಸಬಹುದು ಎಂದು 2020ರಿಂದ ನಿಮ್ಮ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೇ ನಿಯಮ ಇದೆ, ಇನ್‌ಚಾರ್ಜಮ್ಮನಿಗೆ ನೆನಪಿಸಿದರೆ ತಪ್ಪಲ್ಲ. ಎಂಟನೇ ಬೆಡ್ಡಿನವನಿಗಿಂತ ನನಗೆ ಅವಳದ್ದೇ ಚಿಂತೆ. ಅವನು ಹೇಳಿದ್ದಕ್ಕೆ ಅವಳು ನಿನ್ನನ್ನು ಎಬ್ಬಿಸಿ ಕಳಿಸಿದಳಲ್ಲ, ಬರೆಯಬೇಕಾದದ್ದು ಅದು.

ಬರೆದದ್ದು ಬರೆದ ಹಾಗೇ ಇದ್ದು ಬಿಡಲಿ ಎಂದೇ ನನ್ನ ಹಾರೈಕೆ. ಒಂದು ವೇಳೆ ಬೇಕಾಯಿತು ಅನ್ನು, ಆಗ ಗಡುವು ಬಹಳ ಚಿಕ್ಕದು, ಘಟನೆಯಾದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಅಷ್ಟರೊಳಗೆ ಎಕ್ಯಾಸ್ ಎನ್ನುವ ಸಂಸ್ಥೆಗೆ ತಿಳಿಸಬೇಕು, ಅವರು ರಾಜಿಗೆ ನೋಡುತ್ತಾರೆ, ಆಗದಿದ್ದರೆ ಟ್ರಿಬ್ಯೂನಲ್. ಆರು ತಿಂಗಳಿಗೆ ಏರಿಸಲು 2025ರಲ್ಲಿ ಕಾಯ್ದೆ ಮಾಡಿದ್ದಾರೆ, ಅದು ಜಾರಿಗೆ ಬಂದರೂ ನೀನು ಮಾತ್ರ ಮೂರೇ ಎಂದು ಎಣಿಸಿಕೋ. ಈಗಿನ ಕಾಯ್ದೆಯಲ್ಲಿ ಒಂದು ಅನುಕೂಲವಿದೆ. ಭೇದ ನಡೆದಿರಬಹುದು ಎನ್ನುವಷ್ಟು ಸಂಗತಿಗಳನ್ನು ನೀನು ಮುಂದಿಟ್ಟರೆ ಸಾಕು, ಹಾಗಲ್ಲ ಎಂದು ತೋರಿಸುವ ಹೊರೆ ಅವರ ತಲೆಗೆ ಹೋಗುತ್ತದೆ. ಆ ಸಂಗತಿಗಳು ಎಲ್ಲಿಂದ ಬರುತ್ತವೆ ಹೇಳು, ಬಸ್ಸಿನಲ್ಲಿ ಬರೆದ ಪುಸ್ತಕದಿಂದಲೇ ಬರಬೇಕು.

ಬಸ್ಸು ಅಂದರೆ ನನಗೆ ಇನ್ನೊಂದು ನೆನಪಾಗಿ ಎದೆ ಹೊಡೆದುಕೊಳ್ಳುತ್ತದೆ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಎಲ್ಟಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹದಿನೆಂಟು ವರ್ಷದ ಹುಡುಗ ಸ್ಟೀಫನ್ ಲಾರೆನ್ಸ್‌ನನ್ನು ಬಣ್ಣದ ಕಾರಣಕ್ಕೆ ಇರಿದು ಕೊಂದರು. ಅವನ ಅಪ್ಪ ಅಮ್ಮ ಬಿಡದೆ ಹಿಡಿದ ಪಟ್ಟಿನಿಂದ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂತು, ಭೇದ ಪೊಲೀಸ್ ಇಲಾಖೆಯ ನಡಾವಳಿಯಲ್ಲೇ ಬೇರೂರಿದೆ ಎಂದಿತು. 2000ದಲ್ಲಿ ಕಾಯ್ದೆ ತಿದ್ದಿದರು, ಸರ್ಕಾರಿ ಸಂಸ್ಥೆಗಳೆಲ್ಲ ಸಮಾನತೆಗಾಗಿ ತಾವೇ ಮುಂದಾಗಿ ಕೆಲಸ ಮಾಡಬೇಕು ಎಂದಾಯಿತು. ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ. ಹತ್ತಿರಹತ್ತಿರ ಹತ್ತೊಂಬತ್ತು ವರ್ಷ! ನೀನು ನೈಟ್ ಮುಗಿಸಿ ಬರುವಾಗ ಬೆಳಕಿರುವ ಸ್ಟಾಪಿನಲ್ಲೇ ನಿಲ್ಲು, ಜೊತೆಗೆ ಯಾರಾದರೂ ಇರಲಿ. ಈ ಅಜ್ಜಿ ಹೆದರುಪುಕ್ಕಿ ಅನ್ನಬೇಡ.

ನಾಳೆ ನಿಮ್ಮಪ್ಪ ಕೊರಿಯರ್ ಮಾಡುತ್ತಾನೆ. ಅವರೆಕಾಳು ಕಳಿಸಲು ಆಗುವುದಿಲ್ಲವಂತೆ, ಹುರುಳಿಕಾಳಿನ ಚಟ್ನಿಪುಡಿ, ಕೊಬ್ಬರಿ ಹಾಕಿದ ಒಂದು ಡಬ್ಬಿ, ಹಾಕದ ಒಂದು ಡಬ್ಬಿ ಇಟ್ಟಿದ್ದೇನೆ. ತಳದಲ್ಲಿ ಎರಡು ನೋಟ್‌ಬುಕ್ ಇವೆ, ಯೂನಿಫಾರಂ ಜೇಬಿಗೆ ಹಿಡಿಸುವ ಅಳತೆಯವು, ಅಂಗಡಿಯಲ್ಲಿ ನನ್ನ ಹಳೇ ಜೇಬು ನೆನೆಸಿಕೊಂಡು ಅಳೆದು ತಂದದ್ದು. ಒಗ್ಗರಣೆ ವಾಸನೆ ಅಂಟಿದ್ದರೆ ಬೈದುಕೊಳ್ಳಬೇಡ. ಒಂದು ನಿನಗೆ, ಇನ್ನೊಂದು ಆ ಘಾನಾದ ಹುಡುಗಿಗೆ. ಹಿಂದಿನ ವಾರ ಅವಳಿಗಾದದ್ದು ನಿನಗೆ ಕಂಡಿದ್ದರೆ ಅದನ್ನು ನಿನ್ನ ಪುಸ್ತಕದಲ್ಲೂ ಬರೆದು, ಬರೆದಿದ್ದೇನೆ ಎಂದು ಅವಳಿಗೆ ಹೇಳು. ಚಟ್ನಿಪುಡಿ ಕೊಡುವುದಾದರೆ ಕೊಬ್ಬರಿ ಹಾಕಿದ್ದನ್ನು ಕೊಡು. ಇನ್ನೊಂದು ಬಹಳ ಖಾರ.

ಇತಿ,
ನಿನ್ನ ಚಿಕ್ಕಜ್ಜಿ